ಸ್ವಂತದ್ದು ಎಂತ ಉಂಟು?

ಕಳೆದ ಮೇ ತಿಂಗಳಲ್ಲಿ ಪುತ್ತೂರಿನಲ್ಲಿ ಚಿಕ್ಕಮ್ಮನ ಮನೆ ಒಕ್ಕಲು. ಊಟ ಮುಗಿಸಿ ಎಲ್ಲರೂ ಚಪ್ಪರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಿದ್ದರು. ನನ್ನ ಸೋದರಮಾವ ಎಲೆಗೆ ಸುಣ್ಣ ಸವರುತ್ತಾ ಪಕ್ಕಕ್ಕೆ ಬಂದರು. ಬ್ಯಾಂಕಿನಿಂದ ರಿಟೈರ್ ಆದವರು. ದಿನಕ್ಕೆ ಎರಡು ಪೇಪರು, ತಿಂಗಳಿಗೆ ನಾಲ್ಕು ಪುಸ್ತಕ ಓದುವವರು. ಸುಮ್ಮನೆ ಮಾತಿಗೆ ಮಾತಾಡುವವರಲ್ಲ.

“ನೀನು ಜರ್ಮನ್‌ನಿಂದ ಪದ್ಯ ಎಲ್ಲ ಕನ್ನಡಕ್ಕೆ ಮಾಡ್ತೀಯಂತೆ, ಹೌದಾ?”

“ಹೌದು ಮಾವ. ಸ್ವಲ್ಪ ಸ್ವಲ್ಪ.”

“ಎಷ್ಟು ವರ್ಷ ಆಯ್ತು?”

“ಐದು.”

ಎಲೆ ಮಡಚಿ ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಅದೆಲ್ಲ ಒಳ್ಳೆದೇ ಮಾರಾಯ. ಆದ್ರೆ ನಿಂದು ಸ್ವಂತದ್ದು ಎಂತ ಉಂಟು?”

ಉತ್ತರ ಬಾಯಿಗೆ ಬರಲಿಲ್ಲ. ನಕ್ಕು ಸುಮ್ಮನಾದೆ. ಆದರೆ ಅದೇ ಪ್ರಶ್ನೆ ಆ ತಿಂಗಳು ಇನ್ನೊಂದು ಕಡೆಯಿಂದಲೂ ಬಂತು. ಆಫೀಸಿನ ಅಪ್ರೈಸಲ್ ಫಾರ್ಮಿನಲ್ಲಿ ಒಂದು ಕಾಲಂ ಇರುತ್ತಲ್ಲ, ಈ ವರ್ಷ ನಿಮ್ಮ ವೈಯಕ್ತಿಕ ಕೊಡುಗೆ ಏನು ಅಂತ. ನನ್ನ ಕೆಲಸ ಯಂತ್ರಗಳ ಜರ್ಮನ್ ಮ್ಯಾನ್ಯುಯಲ್‌ಗಳನ್ನು ಇಂಗ್ಲಿಷಿಗೆ ತರುವ ತಂಡದಲ್ಲಿ. ಅಂದರೆ ಹಗಲು ಇನ್ನೊಬ್ಬರ ಮಾತನ್ನು ಸಂಬಳಕ್ಕೆ ಹೊರುತ್ತೇನೆ, ರಾತ್ರಿ ಇನ್ನೊಬ್ಬರ ಮಾತನ್ನು ಸಂಬಳವಿಲ್ಲದೆ ಹೊರುತ್ತೇನೆ. ಹಾಗಾದರೆ ನನ್ನದು ಅಂತ ಇರುವುದು ಏನು? ಜೊತೆಗೆ ಅದೇ ಸಮಯಕ್ಕೆ ಮ್ಯಾನೇಜರ್ ಟೀಮ್ ಲೀಡ್ ಆಗ್ತೀರಾ ಅಂತ ಕೇಳಿದ್ದರು. ಆದರೆ ಸಂಜೆಯ ಎರಡು ಗಂಟೆ ಹೋಗುತ್ತಿತ್ತು, ಕವಿತೆಯ ನೋಟ್‌ಬುಕ್ ಮುಚ್ಚಬೇಕಾಗುತ್ತಿತ್ತು. ಮುಚ್ಚಿದರೆ ಲೋಕಕ್ಕೇನು ನಷ್ಟ ಅಂತ ಮನಸ್ಸು ಒಳಗೊಳಗೇ ಕೇಳತೊಡಗಿತು. ಈ ಲೇಖನ ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರ.

ಹುಡುಕಾಟ ಶುರುವಾದದ್ದು ಒಂದು ಗೋಪುರದಿಂದ. ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ನಲ್ಲಿದ್ದಾಗ ಒಂದು ಶನಿವಾರ ರೈಲು ಹತ್ತಿ ಟ್ಯೂಬಿಂಗನ್‌ಗೆ ಹೋಗಿದ್ದೆ. ನೆಕರ್ ನದಿಯ ದಂಡೆಗೆ ತಾಗಿಕೊಂಡು ಹಳದಿ ಬಣ್ಣದ ಒಂದು ಗುಂಡು ಕಟ್ಟಡ ಇದೆ. ಫ್ರೀಡ್ರಿಶ್ ಹೋಲ್ಡರ್ಲಿನ್ ಅನ್ನುವ ಕವಿ ತನ್ನ ಬದುಕಿನ ಸರಿಯಾಗಿ ಅರ್ಧ, ಅಂದರೆ 1807ರಿಂದ 1843ರವರೆಗಿನ ಮೂವತ್ತಾರು ವರ್ಷ, ಅಲ್ಲಿ ಕಳೆದ. ಅದೇ ಊರಿನಲ್ಲಿ ಹೆಗೆಲ್ ಮತ್ತು ಶೆಲಿಂಗ್ ಜೊತೆ ದೇವತಾಶಾಸ್ತ್ರ ಓದಿದವನು. ನಡುವಯಸ್ಸಿನಲ್ಲಿ ಬುದ್ಧಿ ಕದಡಿತು. ಆಸ್ಪತ್ರೆಯವರು ಇನ್ನು ವಾಸಿಯಾಗುವುದಿಲ್ಲ ಅಂತ ಬಿಟ್ಟ ಮೇಲೆ ಮನೆಗೆ ಕರೆದುಕೊಂಡು ಹೋದವನು ಏರ್ನ್‌ಸ್ಟ್ ಜಿಮರ್ ಎಂಬ ಬಡಗಿ. ಹೋಲ್ಡರ್ಲಿನ್ ಬರೆದ ಕಾದಂಬರಿ ಓದಿ ಮೆಚ್ಚಿದ್ದ ಅನ್ನುವುದೇ ಆ ಬಡಗಿಗೂ ಕವಿಗೂ ಇದ್ದ ನಂಟು. ಆತ ಮತ್ತು ಅವನ ಮನೆಯವರು ಕೊನೆಯವರೆಗೂ ನೋಡಿಕೊಂಡರು.

ಈ ಹೋಲ್ಡರ್ಲಿನ್ ಸ್ವತಃ ಅನುವಾದಕ. ಸೋಫೊಕ್ಲಿಸ್‌ನ ಎರಡು ಗ್ರೀಕ್ ನಾಟಕಗಳನ್ನು ಜರ್ಮನ್‌ಗೆ ತಂದು 1804ರಲ್ಲಿ ಅಚ್ಚು ಹಾಕಿಸಿದ. ಗ್ರೀಕ್ ವಾಕ್ಯದ ಬಾಗು ಬಳುಕನ್ನು ಹಾಗೇ ಜರ್ಮನ್‌ಗೆ ತಂದದ್ದರಿಂದ ಆಗಿನ ದೊಡ್ಡವರು ಓದಿ ನಕ್ಕರು. ತಲೆ ಕೆಟ್ಟಿದ್ದಕ್ಕೆ ಇದೇ ಸಾಕ್ಷಿ ಅಂದವರೂ ಇದ್ದರು. ನೂರೈವತ್ತು ವರ್ಷದ ಹತ್ತಿರ ಆದಮೇಲೆ, 1948ರಲ್ಲಿ, ಬ್ರೆಕ್ಟ್ ತನ್ನ ‘ಆಂಟಿಗನಿ’ ನಾಟಕ ಕಟ್ಟಿದ್ದು ನಗೆಪಾಟಲಾದ ಅದೇ ಅನುವಾದದ ಮೇಲೆ. ಗೋಪುರದಲ್ಲಿ ನಿಂತು ನನಗೆ ಅನಿಸಿದ್ದಿಷ್ಟು: ಈ ಕೆಲಸಕ್ಕೆ ಬೆಲೆ ಬರಬಹುದು, ಆದರೆ ಮಾಡಿದವನು ಬದುಕಿದ್ದಾಗಲೇ ಬರುತ್ತದೆ ಅಂತ ಏನೂ ಇಲ್ಲ.

ಹೋಲ್ಡರ್ಲಿನ್‌ನನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದವರಲ್ಲಿ ಮುಖ್ಯರು ಮೈಕೆಲ್ ಹ್ಯಾಂಬರ್ಗರ್. ಹೆಸರು ಕೇಳಿ ನಗಬೇಡಿ, ಹ್ಯಾಂಬರ್ಗ್ ಊರಿನಿಂದ ಬಂದ ಮನೆತನದ ಹೆಸರು ಅದು. 1924ರಲ್ಲಿ ಬರ್ಲಿನ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ತಂದೆ ಮಕ್ಕಳ ಡಾಕ್ಟರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ, ಕುಟುಂಬ ಬ್ರಿಟನ್ನಿಗೆ ಹೋಯಿತು. ಹುಡುಗನಿಗೆ ಆಗ ಒಂಬತ್ತು ವರ್ಷ. ಇಂಗ್ಲಿಷ್ ಕಲಿತ, ಇಂಗ್ಲಿಷ್ ಶಾಲೆಗೆ ಹೋದ, ಆಕ್ಸ್‌ಫರ್ಡ್ ಸೇರಿದ. ಹತ್ತೊಂಬತ್ತನೇ ವಯಸ್ಸಿಗೆ, 1943ರಲ್ಲಿ, ಮೊದಲ ಪುಸ್ತಕ ಅಚ್ಚಾಯಿತು. ಅದು ಹೋಲ್ಡರ್ಲಿನ್ ಕವಿತೆಗಳ ಇಂಗ್ಲಿಷ್ ಅನುವಾದ.

1943 ಅಂದರೆ ಯಾವ ವರ್ಷ ಯೋಚಿಸಿ. ಲಂಡನ್ ಮೇಲೆ ಜರ್ಮನ್ ಬಾಂಬು ಬಿದ್ದು ಆಗಿತ್ತು. ಆಷ್‌ವಿಟ್ಸ್‌ನಲ್ಲಿ ಕೊಲೆ ನಡೆಯುತ್ತಿತ್ತು. ಅದೇ ವರ್ಷ ಹೋಲ್ಡರ್ಲಿನ್ ತೀರಿಕೊಂಡು ನೂರು ವರ್ಷ. ಜೂನ್‌ನಲ್ಲಿ ಟ್ಯೂಬಿಂಗನ್‌ನಲ್ಲಿ ಹೋಲ್ಡರ್ಲಿನ್ ಸೊಸೈಟಿ ಶುರುವಾಯಿತು, ಅದರ ಪೋಷಕ ಯಾರು ಗೊತ್ತಾ? ಗೋಬೆಲ್ಸ್. ಯುದ್ಧಭೂಮಿಯ ಸೈನಿಕರಿಗೆ ಅಂತ ಹೋಲ್ಡರ್ಲಿನ್ ಕವಿತೆಗಳ ಒಂದು ಆಯ್ಕೆಯನ್ನು ಅಚ್ಚು ಹಾಕಿಸಿದರು. ಅಂದರೆ ಒಂದೇ ವರ್ಷ ಒಬ್ಬನೇ ಕವಿಯನ್ನು ಇಬ್ಬರು ‘ನಮ್ಮವನು’ ಅಂದರು. ಒಬ್ಬರ ಕೈಯಲ್ಲಿ ರಾಜ್ಯ, ಸೈನ್ಯ, ಅಚ್ಚುಕೂಟ ಎಲ್ಲ ಇತ್ತು. ಇನ್ನೊಬ್ಬನ ಕೈಯಲ್ಲಿ ಒಂದು ನಿಘಂಟು. ಆ ದೇಶದಿಂದ ಓಡಿಸಿಕೊಂಡ ಹುಡುಗ ಅವನು. ಅದೇ ವರ್ಷ ಬ್ರಿಟಿಷ್ ಸೈನ್ಯ ಸೇರಿ, 1947ರವರೆಗೆ ಇದ್ದ.

ಇಲ್ಲಿ ನನಗೆ ಒಂದು ನೈತಿಕ ಪ್ರಶ್ನೆ ಎದುರಾಗುತ್ತದೆ. ನಿಮ್ಮನ್ನು ಮನುಷ್ಯರೇ ಅಲ್ಲ ಅಂದವರ ಭಾಷೆಯ ಮೇಲೆ ನಿಮಗೆ ಯಾಕೆ ಋಣ ಇರಬೇಕು? ಆ ಕಾಲದಲ್ಲಿ ಜರ್ಮನಿ ಬಿಟ್ಟು ಹೋದ ಎಷ್ಟೋ ಜನ ಮತ್ತೆ ಆ ಭಾಷೆ ಆಡಲಿಲ್ಲ, ಮಕ್ಕಳಿಗೂ ಕಲಿಸಲಿಲ್ಲ. ಅವರದ್ದು ತಪ್ಪು ಅನ್ನಲು ನಾನ್ಯಾರು? ಸುಟ್ಟ ಕೈಯನ್ನು ಮತ್ತೆ ಒಲೆಗೆ ಚಾಚು ಅನ್ನುವ ಹಕ್ಕು ಹೊರಗಿನವರಿಗಿಲ್ಲ. ಹಾಗಾಗಿ ಹ್ಯಾಂಬರ್ಗರ್ ಮಾಡಿದ್ದು ಎಲ್ಲರೂ ಮಾಡಬೇಕಾದ ಕರ್ತವ್ಯ ಅಂತ ನಾನು ಹೇಳುತ್ತಿಲ್ಲ. ಆದರೆ ಯಾರೂ ಹೇರದ ಒಂದು ಹೊಣೆಯನ್ನು ಅವರು ಹೊತ್ತರು ಅನ್ನುವುದು ಮುಖ್ಯ. ಗೋಬೆಲ್ಸ್ ‘ನಮ್ಮವನು’ ಅಂದದ್ದು ಮಾಲೀಕನ ಮಾತು. ಹ್ಯಾಂಬರ್ಗರ್ ಅಂದದ್ದು ಬಡಗಿ ಜಿಮರ್ ಅಂದಂಥ ಮಾತು: ಇವನನ್ನು ನೋಡಿಕೊಳ್ಳುವವರು ಯಾರಾದರೂ ಬೇಕಲ್ಲ, ನಾನು ನೋಡಿಕೊಳ್ಳುತ್ತೇನೆ.

‘ನನ್ನದು’ ಅನ್ನುವ ಪದಕ್ಕೆ ಹೀಗೆ ಎರಡು ಅರ್ಥ ಇದೆ ಅಂತ ಕಾಣುತ್ತದೆ. ನನ್ನ ಕಾರು ಅನ್ನುವಾಗಿನ ನನ್ನದು, ನನ್ನ ಅಜ್ಜಿ ಅನ್ನುವಾಗಿನ ನನ್ನದು. ಮೊದಲನೆಯದನ್ನು ಮಾರಬಹುದು. ಎರಡನೆಯದಕ್ಕೆ ಹುಷಾರಿಲ್ಲದಾಗ ರಜೆ ಹಾಕಬೇಕು.

ಈ ಎರಡು ಅರ್ಥಗಳು ಒಬ್ಬನ ಬದುಕಲ್ಲಿ ಎಷ್ಟು ಕ್ರೂರವಾಗಿ ಡಿಕ್ಕಿ ಹೊಡೆಯಬಹುದು ಅಂತ ತಿಳಿಯಬೇಕಾದರೆ ಪಾಲ್ ಸೆಲಾನ್ ಕಥೆ ನೋಡಬೇಕು. ಹುಟ್ಟಿದ್ದು 1920ರಲ್ಲಿ, ಚೆರ್ನೊವಿಟ್ಸ್ ಎಂಬ ಊರಿನಲ್ಲಿ. ಆಗ ರೊಮೇನಿಯಾ, ಈಗ ಉಕ್ರೇನ್. ಮನೆಯಲ್ಲಿ ಜರ್ಮನ್. ತಾಯಿಗೆ ಜರ್ಮನ್ ಸಾಹಿತ್ಯ ಅಂದರೆ ಪ್ರಾಣ, ಮಗನಿಗೆ ಒಳ್ಳೆಯ ಜರ್ಮನ್ ಬರಬೇಕು ಅಂತ ಹಠ. 1942ರಲ್ಲಿ ತಂದೆ ತಾಯಿ ಇಬ್ಬರನ್ನೂ ಹಿಡಿದು ಟ್ರಾನ್ಸ್‌ನಿಸ್ಟ್ರಿಯಾದ ಶಿಬಿರಕ್ಕೆ ಒಯ್ದರು. ಇಬ್ಬರೂ ಬದುಕಿ ಬರಲಿಲ್ಲ. ತಾಯಿಯನ್ನು ಗುಂಡಿಟ್ಟು ಕೊಂದರು. ಮಗ ಕೂಲಿ ಶಿಬಿರದಲ್ಲಿ ಉಳಿದುಕೊಂಡ. ಮುಂದೆ ಪ್ಯಾರಿಸ್ ಸೇರಿದ, ಫ್ರೆಂಚ್ ಪ್ರಜೆಯಾದ, 1959ರಿಂದ ಎಕೋಲ್ ನಾರ್ಮಾಲ್ ಎಂಬ ಹೆಸರಾಂತ ಸಂಸ್ಥೆಯಲ್ಲಿ ಜರ್ಮನ್ ಮೇಷ್ಟ್ರಾದ. ರೊಮೇನಿಯನ್, ರಷ್ಯನ್, ಫ್ರೆಂಚ್ ಎಲ್ಲ ಚೆನ್ನಾಗಿ ಬರುತ್ತಿತ್ತು. ಆದರೂ ಕವಿತೆ ಬರೆದದ್ದು ಜರ್ಮನ್‌ನಲ್ಲೇ. ಅದು ತಾಯಿಯ ಭಾಷೆ, ತಾಯಿಯನ್ನು ಕೊಂದವರ ಭಾಷೆಯೂ ಹೌದು. ಎರಡೂ ಒಂದೇ ಭಾಷೆ. ಬಿಟ್ಟರೆ ತಾಯಿಯನ್ನು ಬಿಟ್ಟ ಹಾಗೆ, ಹಿಡಿದರೆ ಕೊಂದವರ ಪದಗಳನ್ನೇ ನಾಲಗೆ ಮೇಲೆ ಇಟ್ಟುಕೊಂಡ ಹಾಗೆ.

ಸೆಲಾನ್ ಕೂಡ ದೊಡ್ಡ ಅನುವಾದಕ. ರಷ್ಯನ್‌ನಿಂದ ಮಂಡೆಲ್‌ಸ್ಟಾಮ್, ಫ್ರೆಂಚ್‌ನಿಂದ ವ್ಯಾಲೆರಿ, ಇಂಗ್ಲಿಷ್‌ನಿಂದ ಶೇಕ್ಸ್‌ಪಿಯರ್‌ನ ಸಾನೆಟ್‌ಗಳು, ಎಮಿಲಿ ಡಿಕಿನ್‌ಸನ್. ಸ್ಟಾಲಿನ್ ಕಾಲದಲ್ಲಿ ಸೆರೆ ಶಿಬಿರದ ಹಾದಿಯಲ್ಲಿ ಸತ್ತ ಮಂಡೆಲ್‌ಸ್ಟಾಮ್‌ನನ್ನು ಜರ್ಮನ್‌ಗೆ ತರುವಾಗ ಅವನು ಬೇರೆಯವರ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿರಲಿಕ್ಕಿಲ್ಲ.

ಅನುವಾದವೇ ಅವನನ್ನು ಸುಟ್ಟಿತು. ಪ್ಯಾರಿಸ್‌ನಲ್ಲಿ ಯುವಾನ್ ಗೋಲ್ ಎಂಬ ಹಿರಿಯ ಕವಿ ಇದ್ದರು, ರೋಗ ಹಿಡಿದು ಸಾವಿನ ಹತ್ತಿರ ಇದ್ದವರು. ಅವರು ತಮ್ಮ ಫ್ರೆಂಚ್ ಕವಿತೆಗಳನ್ನು ಜರ್ಮನ್‌ಗೆ ಮಾಡಿಕೊಡು ಅಂತ ಕೇಳಿದರು. ಸೆಲಾನ್ ಮಾಡಿಕೊಟ್ಟ. 1950ರಲ್ಲಿ ಗೋಲ್ ತೀರಿಕೊಂಡರು. ಅವರ ಹೆಂಡತಿ ಕ್ಲೇರ್ ಗೋಲ್ ಆ ಅನುವಾದಗಳನ್ನು ಒಪ್ಪಲಿಲ್ಲ. ಅಷ್ಟಕ್ಕೇ ನಿಲ್ಲದೆ, ಸೆಲಾನ್ ತನ್ನ ಕವಿತೆಗಳನ್ನು ತನ್ನ ಗಂಡನಿಂದ ಕದ್ದಿದ್ದಾನೆ ಅಂತ 1953ರಲ್ಲಿ ಆರೋಪ ಮಾಡಿದರು, 1960ರಲ್ಲಿ ಮತ್ತೆ ಬಹಿರಂಗವಾಗಿ ಬರೆದರು. ಕದ್ದದ್ದು ಅಂದ ಸಾಲುಗಳಲ್ಲಿ ಕೆಲವು ಅದಕ್ಕೂ ಮುಂಚೆ, 1948ರಲ್ಲೇ ಅಚ್ಚಾಗಿದ್ದವು. ಪರಿಶೀಲಿಸಿದವರು ಆರೋಪಕ್ಕೆ ಬುಡ ಇಲ್ಲ ಅಂದರು. ಆದರೂ ಪತ್ರಿಕೆಗಳು ಚರ್ಚೆ ನಡೆಸಿದವು. ತಂದೆ ತಾಯಿ, ಊರು, ಮನೆ ಎಲ್ಲ ಹೋದ ಮೇಲೆ ಉಳಿದ ಒಂದೇ ಆಸ್ತಿ ಭಾಷೆ. ಈಗ ಅದೂ ನಿನ್ನದಲ್ಲ, ಕದ್ದದ್ದು ಅಂದ ಹಾಗಾಯಿತು. ಆ ಗಾಯ ಮಾಯಲೇ ಇಲ್ಲ. 1970ರ ಏಪ್ರಿಲ್‌ನಲ್ಲಿ ಸೆಲಾನ್ ಸೇನ್ ನದಿಗೆ ಹಾರಿ ಪ್ರಾಣ ಬಿಟ್ಟ. ಅದಕ್ಕೆ ಇದೊಂದೇ ಕಾರಣ ಅನ್ನುವುದು ಅನ್ಯಾಯ. ಆದರೆ ‘ಸ್ವಂತದ್ದು ಎಂತ ಉಂಟು’ ಅನ್ನುವ ಪ್ರಶ್ನೆಯನ್ನು ಮಾವನ ಪ್ರೀತಿ ಇಲ್ಲದೆ ಕೇಳಿದರೆ ಅದು ಎಷ್ಟು ಹರಿತ ಅಂತ ಇಲ್ಲಿ ಗೊತ್ತಾಗುತ್ತದೆ.

ಆಗ ಸೆಲಾನ್ ಪರವಾಗಿ ನಿಂತು ಬರೆದವರಲ್ಲಿ ಪೀಟರ್ ಸೊಂಡಿ ಒಬ್ಬರು. ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರ ಕಂಡು ಬದುಕಿ ಬಂದವರು. ಮುಂದೆ ಬರ್ಲಿನ್‌ನ ಫ್ರೀ ಯೂನಿವರ್ಸಿಟಿಯಲ್ಲಿ ತೌಲನಿಕ ಸಾಹಿತ್ಯದ ವಿಭಾಗ ಕಟ್ಟಿದರು. ಶೇಕ್ಸ್‌ಪಿಯರ್‌ನ ಒಂದು ಸಾನೆಟನ್ನು ಸೆಲಾನ್ ಹೇಗೆ ಜರ್ಮನ್‌ಗೆ ತಂದ ಅನ್ನುವುದರ ಮೇಲೆ ಅವರು ಬರೆದ ಪ್ರಬಂಧವನ್ನು ಇವತ್ತಿಗೂ ಓದುತ್ತಾರೆ. ಹದಿನಾಲ್ಕು ಸಾಲಿನ ಅನುವಾದಕ್ಕೆ ಒಬ್ಬ ಪ್ರೊಫೆಸರ್ ಅಷ್ಟು ತಲೆ ಕೊಟ್ಟರು. ನಮ್ಮಲ್ಲಿ ಇದನ್ನು ‘ಅಕಾಡೆಮಿಕ್’ ಅಂತ ನಗೆಯಾಡುತ್ತೇವೆ. ಆದರೆ ಕಳ್ಳ ಅನ್ನಿಸಿಕೊಂಡ ಗೆಳೆಯನ ಕೆಲಸವನ್ನು ಪದ ಪದವಾಗಿ ಓದಿ, ಇಲ್ಲಿ ಇವನು ಮಾಡಿದ್ದು ಇದು ಅಂತ ತೋರಿಸುವುದಕ್ಕಿಂತ ದೊಡ್ಡ ನಿಷ್ಠೆ ಯಾವುದಿದೆ?

ಮತ್ತೆ ಹ್ಯಾಂಬರ್ಗರ್ ಹತ್ತಿರ ಬರೋಣ. ಸೆಲಾನ್‌ನನ್ನು ಇಂಗ್ಲಿಷಿಗೆ ತಂದ ಮುಖ್ಯ ಅನುವಾದಕರಲ್ಲಿ ಅವರೂ ಒಬ್ಬರು. ಇಬ್ಬರಿಗೂ ಪರಿಚಯ ಇತ್ತು. ಒಮ್ಮೆ ಲಂಡನ್ನಿನ ಒಂದು ಸಾಹಿತ್ಯ ಪತ್ರಿಕೆಯಲ್ಲಿ ಸೆಲಾನ್ ಕವಿತೆಗಳನ್ನು ‘ಹರ್ಮೆಟಿಕ್’, ಅಂದರೆ ಬೀಗ ಹಾಕಿದ ಪೆಟ್ಟಿಗೆಯಂಥವು ಅಂತ ಕರೆದ ವಿಮರ್ಶೆ ಬಂತು. ಬರೆದವರ ಹೆಸರಿರಲಿಲ್ಲ. ಸೆಲಾನ್‌ಗೆ ಇದು ಹ್ಯಾಂಬರ್ಗರ್‌ದೇ ಅಂತ ಅನುಮಾನ. ತನ್ನ ಪುಸ್ತಕವೊಂದರಲ್ಲಿ ಹಸ್ತಾಕ್ಷರ ಹಾಕಿ ಕೊಡುವಾಗ, ತನ್ನ ಕವಿತೆ ಖಂಡಿತ ಹಾಗಲ್ಲ ಅಂತ ಬರೆದೇ ಕೊಟ್ಟ. ವಿಮರ್ಶೆ ಬರೆದದ್ದು ಹ್ಯಾಂಬರ್ಗರ್ ಅಲ್ಲ. ಆದರೆ ಆ ಅನುಮಾನ ಇಬ್ಬರ ನಡುವೆ ಉಳಿದುಬಿಟ್ಟಿತು. ನಾನಾಗಿದ್ದರೆ ಬೇಸರದಿಂದ ಆ ಕವಿಯ ಸಹವಾಸವೇ ಬೇಡ ಅಂತಿದ್ದೆನೋ ಏನೋ. ಹ್ಯಾಂಬರ್ಗರ್ ಆ ಮಾತನ್ನು ಪಾಠ ಅಂತ ತೆಗೆದುಕೊಂಡರು. ಬೀಗ ಇಲ್ಲ ಅಂತ ಕವಿ ಹೇಳಿದ್ದಾನಾದರೆ ಬಾಗಿಲು ಎಲ್ಲೋ ಇರಲೇಬೇಕು. ಸೆಲಾನ್ ಸತ್ತ ಮೇಲೂ ದಶಕಗಟ್ಟಲೆ ಹುಡುಕಿದರು. ಆಯ್ಕೆ ಒಂದೊಂದು ಮುದ್ರಣಕ್ಕೂ ದೊಡ್ಡದಾಗುತ್ತಾ ಹೋಯಿತು.

ಇಷ್ಟರ ನಡುವೆ ಹೊಟ್ಟೆಪಾಡು ಹೇಗೆ? ಅದನ್ನೂ ಹೇಳಬೇಕಲ್ಲ, ನಾವೆಲ್ಲ ತಿಂಗಳ ಕೊನೆಯ ದಿನ ಮೆಸೇಜ್ ಬಂತಾ ಅಂತ ಫೋನ್ ನೋಡುವವರು. ಹ್ಯಾಂಬರ್ಗರ್ 1952ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜರ್ಮನ್ ಪಾಠ ಹೇಳಲು ಸೇರಿದರು. 1955ರಿಂದ ರೆಡಿಂಗ್ ವಿಶ್ವವಿದ್ಯಾಲಯದಲ್ಲಿದ್ದರು, ರೀಡರ್ ಆದರು. 1964ರಲ್ಲಿ, ನಲವತ್ತನೇ ವಯಸ್ಸಿಗೆ, ಕೆಲಸ ಬಿಟ್ಟರು. ಆಮೇಲೆ ಬರವಣಿಗೆ, ಅನುವಾದ, ಆಗಾಗ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅತಿಥಿ ಪಾಠ. 1969ರಲ್ಲಿ ಆಧುನಿಕ ಕಾವ್ಯದ ಮೇಲೆ ಅವರ ದೊಡ್ಡ ವಿಮರ್ಶಾ ಗ್ರಂಥ ಬಂದದ್ದು ಹೀಗೆ ಕೆಲಸ ಬಿಟ್ಟ ಮೇಲೆ.

ಕೇಳಲು ಚೆಂದ. ಲಿಂಕ್ಡ್‌ಇನ್‌ನಲ್ಲಿ ಹಾಕಿದರೆ ಸಾವಿರ ಲೈಕ್ ಬರುವ ಕಥೆ. ಆದರೆ ಪೂರ್ತಿ ಕಥೆ ಅಷ್ಟು ಸಿಹಿ ಇಲ್ಲ. ಹ್ಯಾಂಬರ್ಗರ್ ಸ್ವತಃ ಕವಿ. ಜೀವನವಿಡೀ ಇಂಗ್ಲಿಷ್‌ನಲ್ಲಿ ತಮ್ಮದೇ ಕವಿತೆ ಬರೆದರು, ಸಂಗ್ರಹದ ಮೇಲೆ ಸಂಗ್ರಹ ತಂದರು. ಜನ ಮಾತ್ರ ಸಿಕ್ಕಲ್ಲೆಲ್ಲ ಅನುವಾದದ ಬಗ್ಗೆಯೇ ಕೇಳುತ್ತಿದ್ದರು. ಇದರ ಬಗ್ಗೆ ಅವರಿಗೆ ಕೊನೆಯವರೆಗೂ ಕೊರಗಿತ್ತು. ಅದನ್ನವರು ಮುಚ್ಚಿಡಲೂ ಇಲ್ಲ. ಇನ್ನೊಬ್ಬರ ಮಾತು ಹೊರುವುದರಲ್ಲಿ ತ್ಯಾಗ ಇದೆ, ಆದರೆ ಅದು ಬೆಲೆ ಇಲ್ಲದೆ ಸಿಗುವ ತ್ಯಾಗ ಅಲ್ಲ. ಅನುವಾದ ಒಳ್ಳೆಯ ಅಡಗುತಾಣವೂ ಆಗಬಹುದು ಅನ್ನುವ ಅನುಮಾನ ನನಗೆ ನನ್ನ ಮೇಲೇ ಇದೆ. ಸ್ವಂತದ್ದು ಬರೆದರೆ ಚೆನ್ನಾಗಿಲ್ಲ ಅನ್ನಿಸಿಕೊಳ್ಳುವ ಭಯ. ಅನುವಾದದಲ್ಲಿ ಆ ಭಯ ಅರ್ಧ ಕಡಿಮೆ, ಬೈದರೆ ಅರ್ಧ ಬೈಗುಳ ಮೂಲ ಕವಿಗೆ ಹೋಗುತ್ತದೆ! ಮಾವ ಕೇಳಿದ್ದು ಇದನ್ನೇ ಇರಬಹುದು.

ಹಾಗೆಯೇ, ಕೆಲಸ ಬಿಟ್ಟರೆ ಮಾತ್ರ ಇದು ಸಾಧ್ಯ ಅನ್ನುವುದೂ ಸುಳ್ಳು. ಡಬ್ಲ್ಯು. ಜಿ. ಸೇಬಾಲ್ಡ್ ಅನ್ನುವ ಲೇಖಕರು 1970ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ ಸೇರಿದವರು, 2001ರಲ್ಲಿ ರಸ್ತೆಯಲ್ಲಿ ಸಾಯುವವರೆಗೂ ಅಲ್ಲೇ ಪಾಠ ಹೇಳಿದರು. ಮೀಟಿಂಗು, ಉತ್ತರಪತ್ರಿಕೆ ಎಲ್ಲದರ ನಡುವೆಯೇ ಬರೆದರು. 1989ರಲ್ಲಿ ಅಲ್ಲಿ ಸಾಹಿತ್ಯಾನುವಾದದ ಒಂದು ಕೇಂದ್ರವನ್ನೂ ಶುರು ಮಾಡಿದರು. ಇಂಗ್ಲೆಂಡಿನಲ್ಲೇ ಬದುಕಿದರೂ ಪುಸ್ತಕ ಬರೆದದ್ದು ಜರ್ಮನ್‌ನಲ್ಲಿ, ಇಂಗ್ಲಿಷಿಗೆ ಬೇರೆಯವರು ತಂದರು. ಹ್ಯಾಂಬರ್ಗರ್ ಅವರ ಮನೆಗೆ ಹೋದ ಪ್ರಸಂಗ ಸೇಬಾಲ್ಡ್ 1995ರಲ್ಲಿ ತಂದ ಒಂದು ಪುಸ್ತಕದಲ್ಲಿ ಬರುತ್ತದೆ. ಸೇಬಾಲ್ಡ್ ಸತ್ತ ಮೇಲೆ ಅವರ ಕವಿತೆಗಳನ್ನು ಇಂಗ್ಲಿಷ್‌ನಲ್ಲಿ ಹೊರತಂದವರು ಇಪ್ಪತ್ತು ವರ್ಷ ದೊಡ್ಡವರಾದ ಹ್ಯಾಂಬರ್ಗರ್. ಒಬ್ಬರು ಕೆಲಸ ಬಿಟ್ಟರು, ಒಬ್ಬರು ಬಿಡಲಿಲ್ಲ, ಮಾಡಿದ ಕೆಲಸ ಇಬ್ಬರದೂ ನಿಂತಿದೆ. ಹಾಗಾಗಿ ರಾಜೀನಾಮೆ ಪ್ರಶ್ನೆಯನ್ನೂ ಸ್ವಂತದ್ದರ ಪ್ರಶ್ನೆಯನ್ನೂ ಬೇರೆ ಬೇರೆ ಇಡುವುದು ಒಳ್ಳೆಯದು. ನಾವು ಎರಡನ್ನೂ ಒಂದೇ ಮಾಡಿಕೊಂಡು ಒದ್ದಾಡುತ್ತೇವೆ.

ಇನ್ನು ಕೆಲಸದ ಒಳಗೆ ಬನ್ನಿ. ಜರ್ಮನ್‌ನಲ್ಲಿ ಸಾವು ಪುಲ್ಲಿಂಗ. ಅವನು ಬರುತ್ತಾನೆ, ಬಾಗಿಲು ತಟ್ಟುತ್ತಾನೆ. ಕನ್ನಡದಲ್ಲಿ ಸಾವು ಬರುತ್ತದೆ. ‘ಸಾವು ಬಂದ’ ಅಂತ ಬರೆಯಲಾಗದು. ಸರಿ, ಯಮ ಅಂತ ಬರೆಯೋಣ ಅಂದರೆ ಅವನ ಹಿಂದೆ ಕೋಣ, ಪಾಶ, ಚಿತ್ರಗುಪ್ತ, ಯಕ್ಷಗಾನದ ಚೆಂಡೆ ಎಲ್ಲ ಮೆರವಣಿಗೆ ಬರುತ್ತದೆ. ಜರ್ಮನ್‌ನಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು. ನಮಗೆ ಸೂರ್ಯ ಹೆಣ್ಣಾದರೆ ಓದುಗ ಮುಗ್ಗರಿಸುತ್ತಾನೆ. ಕೆಲವು ಕಡೆ ನಮಗೇ ಲಾಭ. ಜರ್ಮನ್‌ನ ‘ನೀನು’ ‘ನೀವು’ ಭೇದ ಇಂಗ್ಲಿಷ್‌ನಲ್ಲಿ ಒಂದೇ ‘ಯೂ’ನಲ್ಲಿ ಕರಗಿಹೋಗುತ್ತದೆ, ಕನ್ನಡದಲ್ಲಿ ಹಾಗೇ ಉಳಿಯುತ್ತದೆ. ಕ್ರಿಯಾಪದವನ್ನು ವಾಕ್ಯದ ಕೊನೆವರೆಗೆ ಹಿಡಿದಿಡುವ ಜರ್ಮನ್ ಅಭ್ಯಾಸ ನಮಗೆ ಹೊಸದಲ್ಲ. ಸೆಲಾನ್ ಎರಡು ಮೂರು ಪದ ಬೆಸೆದು ಹೊಸ ಪದ ಮಾಡುತ್ತಾನೆ. ಕನ್ನಡಕ್ಕೂ ಸಮಾಸ ಗೊತ್ತು. ಆದರೆ ಬೆಸೆಯಲು ಹೋದರೆ ಒಂದು ಕಡೆ ಸಂಸ್ಕೃತ ಪದ, ಇನ್ನೊಂದು ಕಡೆ ಕನ್ನಡ ಪದ ಬಂದು ಕೂರುತ್ತದೆ. ಹೈಸ್ಕೂಲಿನ ಕನ್ನಡ ಪಂಡಿತರು ಎಲ್ಲಿಂದಲೋ ಬೆತ್ತ ಹಿಡಿದು ‘ಅರಿಸಮಾಸ’ ಅನ್ನುತ್ತಾರೆ. ಆದರೆ ಒಂದಕ್ಕೊಂದು ಹೊಂದದ ಎರಡನ್ನು ಜೋಡಿಸುವುದೇ ಆ ಕವಿಯ ಉದ್ದೇಶ ಇದ್ದರೆ? ಅಲ್ಲಿ ಅರಿಸಮಾಸವೇ ಸರಿ ಸಮಾಸ ಆಗಬಹುದು. ಯಾರೂ ಹೇಳಿಕೊಡುವುದಿಲ್ಲ. ನಾನೇ ತೀರ್ಮಾನಿಸಬೇಕು, ತಪ್ಪಾದರೆ ನಾನೇ ಹೊಣೆ.

ಇದನ್ನೆಲ್ಲ ಮೆಷಿನ್ ಒಂದು ಸೆಕೆಂಡಿನಲ್ಲಿ ಮಾಡುತ್ತದಲ್ಲ ಅಂತೀರಿ. ಮಾಡುತ್ತದೆ, ಹಗಲಿನ ಕೆಲಸದಲ್ಲಿ ನಾನೂ ಬಳಸುತ್ತೇನೆ. ಯಂತ್ರದ ಸ್ಕ್ರೂ ಬಿಗಿಯುವ ಸೂಚನೆಗೆ ಅದು ಸಾಕು. ಆದರೆ ಅಲ್ಲೂ ಕೊನೆಗೆ ಒಬ್ಬ ಮನುಷ್ಯ ನೋಡಿ ಹೆಸರು ಹಾಕಬೇಕು. ಯಾಕೆ? ಸ್ಕ್ರೂ ಸಡಿಲವಾಗಿ ಯಾರದೋ ಬೆರಳು ಹೋದರೆ ಉತ್ತರ ಕೊಡುವವರು ಬೇಕು. ಕವಿತೆಯಲ್ಲಿ ಬೆರಳು ಹೋಗುವುದಿಲ್ಲ, ಆದರೆ ತಾಯಿಯನ್ನು ಕಳೆದುಕೊಂಡವನ ಒಂದು ಪದವನ್ನು ಉಡಾಫೆಯಾಗಿ ಬದಲಿಸಿದರೆ ಅದಕ್ಕೂ ಒಬ್ಬರು ಉತ್ತರ ಕೊಡಬೇಕು. ಮೆಷಿನ್‌ಗೆ ಪದ ಗೊತ್ತು, ನಾಚಿಕೆ ಗೊತ್ತಿಲ್ಲ.

ಇಲ್ಲಿಗೆ ಬಂದಾಗ ನನಗೆ ಟ್ಯೂಬಿಂಗನ್ ಮತ್ತೆ ನೆನಪಾಯಿತು. ಹೋಲ್ಡರ್ಲಿನ್ ಆ ಗೋಪುರದಲ್ಲಿ ತೀರಿಕೊಂಡದ್ದು 1843ರ ಜೂನ್ 7ರಂದು. ಅದೇ ವರ್ಷ ಜುಲೈ 1ರಂದು ನಮ್ಮ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು. ತಂದವರು ಹರ್ಮನ್ ಮೋಗ್ಲಿಂಗ್, ಓದಿದ್ದು ಟ್ಯೂಬಿಂಗನ್‌ನಲ್ಲಿ. ಇನ್ನೊಬ್ಬರು ಫರ್ಡಿನಾಂಡ್ ಕಿಟೆಲ್. 1894ರಲ್ಲಿ ನಿಘಂಟು ಮುಗಿಸಿದರು, 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಇಬ್ಬರೂ ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಮಾಚಬೇಕಿಲ್ಲ. ಆದರೆ ಉಳಿದದ್ದು ಯಾವುದು ನೋಡಿ. ಮೋಗ್ಲಿಂಗ್ ನಮ್ಮ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಕಿಟೆಲ್ ನಿಘಂಟಿನಲ್ಲಿರುವ ಪದಗಳಲ್ಲಿ ಕಿಟೆಲ್ ಸ್ವಂತದ್ದು ಎಷ್ಟು? ಒಂದೂ ಇಲ್ಲ. ಎಲ್ಲ ನಮ್ಮ ಅಜ್ಜ ಅಜ್ಜಿಯರು ಆಡಿದ್ದು, ಪಂಪ ಕುಮಾರವ್ಯಾಸರು ಬರೆದದ್ದು. ಆದರೂ ಇವತ್ತಿಗೂ ನಾವು ಅದನ್ನು ‘ಕಿಟೆಲ್ ನಿಘಂಟು’ ಅನ್ನುತ್ತೇವೆ. ಯಾರಿಗೂ ಅದು ಕಳವು ಅನಿಸುವುದಿಲ್ಲ. ಯಾಕೆಂದರೆ ಪದಗಳು ನಮ್ಮವು, ಹೊಣೆ ಅವರದು.

ಹ್ಯಾಂಬರ್ಗರ್ ಕೊನೆಗಾಲದಲ್ಲಿ ಸಫೋಕ್ ಎಂಬಲ್ಲಿಯ ಹಳ್ಳಿಮನೆಯಲ್ಲಿ ಸೇಬು ಬೆಳೆಯುತ್ತಿದ್ದರು. ಅಪರೂಪದ ತಳಿಗಳ ಹುಚ್ಚು. ಬೀಜ ಹಾಕಿ ಮರ ಮಾಡುತ್ತಿದ್ದರು. ಟಸಿಟಾ ಡೀನ್ ಎಂಬ ಕಲಾವಿದೆ 2007ರಲ್ಲಿ ಅವರ ಮೇಲೆ ಮಾಡಿದ ಸಿನಿಮಾದಲ್ಲಿ ಹೆಚ್ಚಿನಂಶ ಸೇಬಿನ ಮಾತೇ. ಆ ವರ್ಷವೇ ಅವರು ತೀರಿಕೊಂಡರು. ಸೇಬಿನ ಬೀಜದಿಂದ ಹುಟ್ಟಿದ ಮರ ತಾಯಿಮರದ ಹಾಗೆ ಇರುವುದಿಲ್ಲ. ಅದೇ ಹಣ್ಣು ಬೇಕಾದರೆ ಕಸಿ ಕಟ್ಟಬೇಕು. ಪುತ್ತೂರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಗೇರು ಸಂಶೋಧನಾ ಕೇಂದ್ರ ನಮ್ಮೂರಲ್ಲೇ ಇದೆ. ಕಸಿಯಲ್ಲಿ ಕಡ್ಡಿ ಬೇರೆ ಮರದ್ದು, ಬೇರು ಈ ಮಣ್ಣಿನದ್ದು. ತಿನ್ನುವಾಗ ಎಲ್ಲರೂ ತಳಿಯ ಹೆಸರು ಹೇಳುತ್ತಾರೆ, ಬೇರಿನ ಹೆಸರು ಯಾರೂ ಕೇಳುವುದಿಲ್ಲ. ಬೇರು ಮಾತ್ರ ತನ್ನ ಕೆಲಸ ಬಿಡುವುದಿಲ್ಲ.

ಟೀಮ್ ಲೀಡ್ ಕೆಲಸ ಒಂದು ವರ್ಷಕ್ಕೆ ಬೇಡ ಅಂದೆ. ಧೈರ್ಯ ಅಂತ ತಿಳಿಯಬೇಡಿ, ಇಎಂಐ ಇರುವುದರಿಂದ ಕೆಲಸವನ್ನೇನೂ ಬಿಟ್ಟಿಲ್ಲ. ಮುಂದಿನ ವರ್ಷ ಅದೇ ಕುರ್ಚಿ ಇರುತ್ತದೆ ಅನ್ನುವ ಭರವಸೆಯೂ ಇಲ್ಲ. ಅದು ನಾನು ಕೊಟ್ಟ ಬೆಲೆ, ಸಣ್ಣದು.

ಗಣೇಶ ಚೌತಿಗೆ ಊರಿಗೆ ಹೋದಾಗ ನೋಟ್‌ಬುಕ್ ಅಮ್ಮನ ಕೈಗೆ ಕೊಟ್ಟೆ. ಅಮ್ಮ ಕನ್ನಡಕ ಹಾಕಿ, ತೆಂಗಿನಕಾಯಿ ತುರಿಯುವುದನ್ನು ಅರ್ಧಕ್ಕೆ ಬಿಟ್ಟು ಓದಿದರು. ಒಂದು ಕಡೆ ನಿಂತರು.

“ಇದು ಮುಸ್ಸಂಜೆ ಅಲ್ಲ ಮಗಾ. ಮುಸ್ಸಂಜೆ ಅಂದ್ರೆ ದೀಪ ಹಚ್ಚುವ ಹೊತ್ತು. ಇದರಲ್ಲಿ ಇನ್ನೂ ಬಿಸಿಲು ಉಂಟಲ್ಲ?”

ಹೌದು. ಜರ್ಮನಿಯಲ್ಲಿ ಜೂನ್ ತಿಂಗಳ ಸಂಜೆ ಒಂಬತ್ತು ಗಂಟೆಗೂ ಬೆಳಕಿರುತ್ತದೆ. ನಾನು ಅಲ್ಲಿ ಇದ್ದು ಬಂದವನು, ಕಣ್ಣಾರೆ ನೋಡಿದವನು, ಆದರೂ ಎರಡು ವರ್ಷದಿಂದ ಆ ತಪ್ಪನ್ನು ಕಂಡಿರಲಿಲ್ಲ. ಅಮ್ಮ ಪುತ್ತೂರು ಬಿಟ್ಟು ಹೋದವರಲ್ಲ.

“ಇಳಿಹೊತ್ತು ಅಂತ ಹಾಕು,” ಅಂದು ಮತ್ತೆ ತುರಿಮಣೆ ಮೇಲೆ ಕೂತರು.

ಹಾಕಿದೆ. ಕವಿತೆ ಒಬ್ಬ ಜರ್ಮನ್‌ನದು, ಪದ ಅಮ್ಮನದು. ಇಷ್ಟರಲ್ಲಿ ನನ್ನದೇನು? ತಪ್ಪಿದ್ದಷ್ಟು ದಿನ ಆ ತಪ್ಪು ನನ್ನದಾಗಿತ್ತು. ತಿದ್ದಿದ ಮೇಲೆ ಅದನ್ನು ಹೀಗೇ ಇರಲಿ ಅಂತ ಒಪ್ಪಿ ಹೆಸರು ಹಾಕಿದ್ದು ನನ್ನದು. ನಾನು ಹುಟ್ಟಿಸಿದ್ದಷ್ಟೇ ನನ್ನ ಸ್ವಂತದ್ದು ಅಂತ ಈಗ ಅನಿಸುವುದಿಲ್ಲ. ಯಾವುದಕ್ಕೆ ನಾನು ಉತ್ತರ ಕೊಡಬಲ್ಲೆನೋ ಅದೂ ನನ್ನದೇ.

ಮಾವ ಹಬ್ಬದ ಊಟಕ್ಕೆ ಬಂದಿದ್ದರು. ನೋಟ್‌ಬುಕ್ ಅವರಿಗೂ ಕೊಟ್ಟಿದ್ದೇನೆ. ಇನ್ನೂ ಏನೂ ಹೇಳಿಲ್ಲ, ಓದುತ್ತಿದ್ದಾರಂತೆ.